ಹಳೇ ಸ್ಕಾಚ್ ಬಾಟ್ಲಿ: ಆರಿಸೋದು, ನಮ್ಮ ಕರಾವಳಿ ಮಳೇಲಿ ಉಳಿಸ್ಕೊಳ್ಳೋದು, ಸಮಾಧಾನದಿಂದ ಕುಡಿಯೋದು

ನಮ್ಮ ದೊಡ್ಡಪ್ಪ ಹಡಗಿನ ಕೆಲಸದಲ್ಲಿದ್ರು. ಕಾರವಾರದ ಕಡೆಯವರಿಗೆ ಇದೇನು ಹೊಸದಲ್ಲ, ಬಂದರು ಊರು, ಓಣಿಗೊಬ್ರು ಹಡಗು ಹತ್ತಿದವ್ರು ಇಲ್ಲಾ ಗಲ್ಫಿಗೆ ಹೋದವ್ರು ಇದ್ದೇ ಇರ್ತಾರೆ, ರಜೆಗೆ ಬರುವಾಗ ಸೆಂಟು, ಟೇಪ್ ರೆಕಾರ್ಡರ್, ಚಾಕ್ಲೇಟ್ ಜೊತೆಗೆ ಒಂದು ಬಾಟ್ಲಿ ಸ್ಕಾಚು. ದೊಡ್ಡಪ್ಪ ತಂದದ್ರಲ್ಲಿ ಒಂದು ಮಾತ್ರ ಯಾರೂ ಮುಟ್ದೇ ಉಳ್ದಿತ್ತು, 12 ವರ್ಷದ ಸಿಂಗಲ್ ಮಾಲ್ಟು (ಒಂದೇ ಕಾರ್ಖಾನೆಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಮಾಡಿದ್ದು), ಲೇಬಲ್ ಮೇಲೆ 75 ಸಿಎಲ್, ಅಂದ್ರೆ 750 ಎಂಎಲ್ ಅಂತ ಇತ್ತು (ಇದು ಯಾಕೆ ಮುಖ್ಯ ಅಂತ ಮುಂದೆ ಹೇಳ್ತೀನಿ). ಅವರು ಹೋದ ಮೇಲೆ ಮನೆಗೆ ಬಣ್ಣ ಹೊಡೆಸುವಾಗ ನಾನೇ ಅದನ್ನ ಟ್ರಂಕಿನಲ್ಲಿ ಅಡ್ಡ ಮಲಗಿಸಿ ಇಟ್ಟೆ, ಮತ್ತೆ ತೆಗೆದದ್ದು ನಾಲ್ಕು ಮಳೆಗಾಲ ಕಳೆದು. ಲೇಬಲ್ ತುಂಬಾ ಕಪ್ಪು ಬೂಸ್ಟು, ಮಟ್ಟ ಬಾಟ್ಲಿ ಭುಜಕ್ಕಿಂತ ಎರಡು ಬೆರಳು ಕೆಳಗೆ, ಬಿರಡೆಗೆ ಕೈ ಹಾಕಿದ್ರೆ ಅವಲಕ್ಕಿ ಹಾಗೆ ಪುಡಿ ಆಗಿ ಒಳಗೆ ಬಿತ್ತು. ಗ್ಲಾಸಿಗೆ ಹಾಕಿ ಮೂಸಿದ್ರೆ ನೆನೆದ ರಟ್ಟಿನ ವಾಸನೆ. ಅವರು ಮೂವತ್ತು ವರ್ಷ ಕಾಪಾಡಿದ್ದನ್ನ ನಾನು ನಾಲ್ಕು ವರ್ಷದಲ್ಲಿ ಹಾಳು ಮಾಡಿದ್ದೆ, ಆ ಸಂಕಟ ಇನ್ನೂ ಹೋಗಿಲ್ಲ.

ಅಲ್ಲಿಂದ ಶುರುವಾಗಿ ಇದನ್ನ ಕಲೀತಾ ಬಂದೆ. ಈಗ ನನ್ನ ಹತ್ರ ಇರೋದು ಆರೇ ಬಾಟ್ಲಿ, ಆದ್ರೆ ಆರೂ ಚೆನ್ನಾಗಿವೆ. ಇಂಟರ್ನೆಟ್ಟಲ್ಲಿ ಸಿಗೋ ಸಲಹೆ ಎಲ್ಲ ತಣ್ಣಗಿನ ಒಣ ದೇಶದವರು ಬರ್ದಿದ್ದು, ಜುಲೈ ತಿಂಗಳ ಕಾರವಾರದಲ್ಲಿ ಅದು ಅರ್ಧಕ್ಕರ್ಧ ಉಪಯೋಗಕ್ಕೆ ಬರಲ್ಲ, ಅದಕ್ಕೇ ನಮ್ಮ ಕಡೆಯವರಿಗೆ ಅಂತ ಇದನ್ನ ಬರೀತಿದೀನಿ.

ಮೊದಲ್ನೇ ಹೆಜ್ಜೆ: ವಯಸ್ಸು ಅಂದ್ರೆ ಏನು ಅಂತ ತಿಳ್ಕೊಳ್ಳಿ

ಸ್ಕಾಚ್ ಅಂತ ಕರೀಬೇಕು ಅಂದ್ರೆ ಸ್ಕಾಟ್ಲೆಂಡಲ್ಲೇ ಬಟ್ಟಿ ಇಳಿಸಿರ್ಬೇಕು, ಅಲ್ಲೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರ್ಬೇಕು, ಪೀಪಾಯಿ 700 ಲೀಟರ್ ಮೀರಬಾರ್ದು, ಬಾಟ್ಲಿಗೆ ತುಂಬುವಾಗ ಆಲ್ಕೋಹಾಲ್ ಶೇ. 40ಕ್ಕಿಂತ ಕಡಿಮೆ ಇರಬಾರ್ದು, ನೀರು ಮತ್ತೆ ಬಣ್ಣಕ್ಕೆ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನೂ ಸೇರ್ಸೋ ಹಾಗಿಲ್ಲ. 2009ರ ಅವರ ಕಾನೂನಿನಲ್ಲೇ ಇದೆಲ್ಲ ಇದೆ. ಲೇಬಲ್ ಮೇಲೆ 18 ಅಂತ ಇದ್ರೆ ಒಳಗೆ ಸೇರಿರೋದ್ರಲ್ಲಿ ಎಲ್ಲಕ್ಕಿಂತ ಎಳೇದು 18 ವರ್ಷದ್ದು ಅಂತ ಅರ್ಥ, ಉಳಿದದ್ದು ಅದಕ್ಕಿಂತ ಹಳೇದೂ ಇರ್ಬೋದು.

ಎಲ್ಲರೂ ತಪ್ಪು ತಿಳಿಯೋದು ಎಲ್ಲಿ ಅಂದ್ರೆ, ವಿಸ್ಕಿಗೆ ವಯಸ್ಸಾಗೋದು ಮರದಲ್ಲಿದ್ದಾಗ ಮಾತ್ರ. ಗಾಜಿನೊಳಗೆ ಹೋದ ದಿನವೇ ಅದರ ವಯಸ್ಸು ನಿಂತುಹೋಯ್ತು. ದೊಡ್ಡಪ್ಪನ 12 ವರ್ಷದ ಬಾಟ್ಲಿ ನಮ್ಮನೇಲಿ ಮೂವತ್ತು ವರ್ಷ ಇದ್ರೂ 42 ಆಗ್ಲಿಲ್ಲ, 12 ಆಗೇ ಇತ್ತು. ಅದಕ್ಕೆ ಬೇರೆ ಬೆಲೆ ಇದೆ, ಆ ಕಾಲದ ರುಚಿ ಈಗ ಸಿಗಲ್ಲ ಅನ್ನೋದು, ಆದ್ರೆ ಅದು ಮಾಗಿದ್ದರ ಬೆಲೆ ಅಲ್ಲ.

ಹಾಗಾದ್ರೆ 30 ವರ್ಷದ್ದು ಯಾಕೆ ಅಷ್ಟು ಅಪರೂಪ? ಪೀಪಾಯಿಯಿಂದ ವರ್ಷ ವರ್ಷ ಸ್ವಲ್ಪ ಆವಿ ಆಗ್ತಾ ಇರತ್ತೆ, ಅದನ್ನ ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನ ಚಳಿಗೆ ವರ್ಷಕ್ಕೆ ಸುಮಾರು ಶೇ. 2 ಹೋಗತ್ತೆ. 200 ಲೀಟರಿನ ಪೀಪಾಯಿ ತಗೊಂಡು ಲೆಕ್ಕ ಹಾಕಿ, 30 ವರ್ಷಕ್ಕೆ ಉಳಿಯೋದು ಹೆಚ್ಚು ಕಡಿಮೆ 110 ಲೀಟರ್. ನಮ್ಮ ಬೆಂಗಳೂರಿನ ಅಮೃತ್ ಕಂಪನಿಯವರಿಗೆ ಇದೇ ಪಾಲು ವರ್ಷಕ್ಕೆ ಶೇ. 10ರಿಂದ 12 ಹೋಗತ್ತೆ, ಅದಕ್ಕೇ ಅವರ 8, 10 ವರ್ಷದ ವಿಸ್ಕಿಗೆ ದುರಾಸೆಯ ದೇವತೆಗಳು ಅನ್ನೋ ಅರ್ಥದ ಹೆಸರು, ಗ್ರೀಡಿ ಏಂಜಲ್ಸ್. ಆವಿ ಹೋಗೋದಷ್ಟೇ ಅಲ್ಲ, ಸ್ಕಾಟ್ಲೆಂಡಲ್ಲಿ ವರ್ಷ ಕಳೆದ ಹಾಗೆ ಆಲ್ಕೋಹಾಲೂ ಇಳೀತಾ ಬರತ್ತೆ, 40ಕ್ಕಿಂತ ಕೆಳಗೆ ಹೋದ್ರೆ ಅದನ್ನ ಸ್ಕಾಚ್ ಅಂತ ಮಾರೋ ಹಾಗೇ ಇಲ್ಲ.

ಅಪರೂಪ ಆಗೋಕೆ ಇನ್ನೊಂದು ಕಾರಣ ಮುಚ್ಚಿಹೋದ ಡಿಸ್ಟಿಲರಿಗಳು, ಅಂದ್ರೆ ವಿಸ್ಕಿ ಬಟ್ಟಿ ಇಳಿಸೋ ಕಾರ್ಖಾನೆಗಳು. 80ರ ದಶಕದಲ್ಲಿ ಅಲ್ಲಿ ಸ್ಟಾಕು ಜಾಸ್ತಿ ಆಗಿ ಬೇಡಿಕೆ ಬಿದ್ದು 1983ರಲ್ಲಿ ಸಾಲಾಗಿ ಬೀಗ ಬಿತ್ತು. ಪೋರ್ಟ್ ಎಲೆನ್, ಬ್ರೋರಾ ಎರಡೂ ಆ ವರ್ಷವೇ ನಿಂತವು, ರೋಸ್‌ಬ್ಯಾಂಕ್ 1993ರಲ್ಲಿ. ಆಗ ಯಾರೂ ಕೇಳದೆ ಗೋಡೌನಲ್ಲಿ ಉಳಿದ ಪೀಪಾಯಿಗಳೇ ಆಮೇಲೆ ಚಿನ್ನ ಆದವು. ಈ ಮೂರೂ ಈಗ ಮತ್ತೆ ಶುರುವಾಗಿವೆ, ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ. ಆದ್ರೆ ಹಳೇ ಕಾಲದ ಮಾಲು ಇದ್ದಷ್ಟೇ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ, ಹಳೇದೆಲ್ಲ ಒಳ್ಳೇದಲ್ಲ. ಪೀಪಾಯಿ ಜೋರಿದ್ದು ತುಂಬಾ ವರ್ಷ ಬಿಟ್ರೆ ಮರ ಎಲ್ಲಾ ರುಚಿ ನುಂಗಿಬಿಡತ್ತೆ, ಹಸಿ ಅಡಿಕೆ ಅಗಿದ ಹಾಗೆ ಬರೀ ಒಗರು, ನಾಲಿಗೆ ಅಂಟಿಕೊಳ್ಳತ್ತೆ. ನನ್ನ ಬಾಯಿಗೆ 15ರಿಂದ 25 ವರ್ಷದ ಮಧ್ಯ ಇರೋದೇ ಎಲ್ಲಕ್ಕಿಂತ ಹಿತ.

ಎರಡನೇ ಹೆಜ್ಜೆ: ದುಡ್ಡು ಹಾಕೋಕೆ ಮುಂಚೆ ಮೂಗು ತಯಾರು ಮಾಡ್ಕೊಳ್ಳಿ

ವಿದೇಶದವರು ಬರೆಯೋ ರುಚಿಯ ವರ್ಣನೆ ಓದಿದ್ರೆ ನಮಗೆ ಏನೂ ತಿಳಿಯಲ್ಲ, ಅವರ ಹಣ್ಣು ಬೇರೆ, ಅವರ ಅಜ್ಜಿ ಮಾಡಿದ ಕೇಕು ಬೇರೆ. ಅದನ್ನ ಬಿಡಿ. ನಮ್ಮ ಜಿಲ್ಲೆಯಲ್ಲಿ ಇರೋಷ್ಟು ವಾಸನೆ ಎಲ್ಲಿದೆ ಹೇಳಿ. ಶಿರಸಿ ಪೇಟೇಲಿ ಏಲಕ್ಕಿ, ಕಾಳುಮೆಣಸು, ಲವಂಗ, ದಾಲ್ಚಿನ್ನಿ, ಜಾಯಿಕಾಯಿ, ವೆನಿಲಾ ಕೋಡು ಎಲ್ಲ ಒಂದೇ ಕಡೆ ಸಿಗತ್ತೆ, ಸ್ವಲ್ಪ ಸ್ವಲ್ಪ ತಂದು ಸಣ್ಣ ಡಬ್ಬೀಲಿ ಹಾಕಿ ಕಣ್ಣು ಮುಚ್ಚಿ ಮೂಸಿ ಯಾವ್ದು ಅಂತ ಹೇಳೋ ಅಭ್ಯಾಸ ಮಾಡಿ, ಮಕ್ಕಳನ್ನೂ ಇದಕ್ಕೆ ಸೇರಿಸ್ಕೊಳ್ಬೋದು, ವಿಸ್ಕಿ ಇಲ್ಲವಲ್ಲ. ಅದರ ಜೊತೆ ಜೋನಿಬೆಲ್ಲ, ಜೇನು, ಒಣದ್ರಾಕ್ಷಿ, ಒಣಗಿಸಿದ ಮುರುಗಲು ಸಿಪ್ಪೆ, ಮಾಗಿದ ಕರಿ ಇಶಾಡ ಮಾವು, ಹಲಸಿನ ತೊಳೆ.

ಅಮೆರಿಕದ ಬರ್ಬನ್ ಅನ್ನೋ ವಿಸ್ಕಿ ತುಂಬಿದ್ದ ಪೀಪಾಯಿಯಲ್ಲಿ ಬೆಳೆದ ಸ್ಕಾಚಿನಲ್ಲಿ ವೆನಿಲಾ, ಜೇನು, ತೆಂಗಿನಕಾಯಿ ಕಡೆಯ ವಾಸನೆ ಬರತ್ತೆ. ಸ್ಪೇನಿನ ಶೆರ್ರಿ ಅನ್ನೋ ವೈನ್ ಇಟ್ಟಿದ್ದ ಪೀಪಾಯಿದಾದ್ರೆ ಒಣದ್ರಾಕ್ಷಿ, ಖರ್ಜೂರ, ಜೋನಿಬೆಲ್ಲ, ಲವಂಗ, ಬಣ್ಣ ನೋಡಿದ್ರೆ ಅಡಿಕೆ ಬೇಯಿಸಿದ ಹಂಡೆಯ ಚೊಗರಿನ ಕೆಂಪು (ಬಣ್ಣ ನೋಡಿ ಮಾತ್ರ ನಂಬ್ಬೇಡಿ, ಕ್ಯಾರಮೆಲ್ ಹಾಕೋಕೆ ಅವಕಾಶ ಇದೆ ಅಂದ್ನಲ್ಲ). ಐಲಾ ದ್ವೀಪದ ಲಗಾವುಲಿನ್, ಲಫ್ರೋಯ್ಗ್, ಆರ್ಡ್‌ಬೆಗ್ ಇವೆಲ್ಲ ಹೊಗೆ ವಿಸ್ಕಿಗಳು, ಅಲ್ಲಿ ಜೌಗು ನೆಲದಿಂದ ಕಡಿದ ಪೀಟ್ ಅನ್ನೋ ಮಣ್ಣು ಸುಟ್ಟು ಆ ಹೊಗೇಲಿ ಬಾರ್ಲಿ ಒಣಗಿಸ್ತಾರೆ. ಮಳೆಗಾಲದಲ್ಲಿ ಅಡಿಕೆಯನ್ನ ಬೆಂಕಿ ಮೇಲಿನ ತಟ್ಟೀಲಿ ಒಣಗಿಸೋ ಮನೆಗೆ ಹೋಗಿದ್ರೆ, ಕಾರವಾರ ಬಂದರಲ್ಲಿ ಬೋಟಿಗೆ ಡಾಂಬರು ಬಳಿಯುವಾಗ ಪಕ್ಕದಲ್ಲಿ ನಿಂತಿದ್ರೆ, ಆ ವಿಸ್ಕಿ ಮೊದಲ್ನೇ ಸಲ ಮೂಸುವಾಗ್ಲೇ ನಿಮಗೆ ಗುರುತು ಸಿಗತ್ತೆ. ನನಗೆ ಲಗಾವುಲಿನ್ 16 ಮೂಸಿದಾಗ ನೆನಪಾಗಿದ್ದು ಅತ್ತೆ ಮನೆಯ ಬಚ್ಚಲೊಲೆ, ಅದೂ ಹಸಿ ಕಟ್ಟಿಗೆ ಹಾಕಿದ ದಿನದ್ದು.

ಮೂರನೇ ಹೆಜ್ಜೆ: ಏನು ತಗೋಬೇಕು

ಸೀದಾ 25 ವರ್ಷದ್ದಕ್ಕೆ ಕೈ ಹಾಕ್ಬೇಡಿ. ಮೊದ್ಲು ಬರ್ಬನ್ ಪೀಪಾಯಿದೊಂದು, ಶೆರ್ರಿದೊಂದು, ಹೊಗೇದೊಂದು, 10ರಿಂದ 16 ವರ್ಷದ ಒಳಗಿನ ಸಾಮಾನ್ಯ ಬಾಟ್ಲಿ ತಗೊಳ್ಳಿ, ಇಲ್ಲಾ ನಾಲ್ಕು ಜನ ಗೆಳೆಯರು ಸೇರಿ ಕೊಂಡು ಒಟ್ಟಿಗೆ ಕೂತು ಕುಡೀರಿ. ಯಾವ ಕಡೆ ಮನಸ್ಸು ಹೋಗತ್ತೆ ಅಂತ ಒಂದು ವರ್ಷದಲ್ಲಿ ಗೊತ್ತಾಗತ್ತೆ, ಆಮೇಲೆ ಆ ದಾರೀಲೇ ಹಳೇದು ಹುಡ್ಕಿ. ಶೇ. 46 ಅಥವಾ ಅದಕ್ಕಿಂತ ಮೇಲಿದ್ದು, ಚಿಲ್ ಫಿಲ್ಟರ್ ಮಾಡಿಲ್ಲ ಅಂತ ಬರ್ದಿದ್ರೆ ನಾನು ಅದನ್ನೇ ಆರಿಸ್ತೀನಿ, ತಣ್ಣಗೆ ಮಾಡಿ ಸೋಸೋವಾಗ ವಿಸ್ಕಿಯ ಜಿಡ್ಡಿನಂಶ ಹೋಗತ್ತೆ, ಬಾಯಿ ತುಂಬೋ ಗುಣ ಇರೋದೇ ಅದರಲ್ಲಿ.

ಲೇಬಲ್ ಓದೋಕೆ ಕಲಿತ್ರೆ ಏನು ಲಾಭ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ, ನನಗೆ ತುಂಬಾ ಇಷ್ಟದ್ದು. ಗ್ಲೆನ್‌ಡ್ರೊನಾಕ್ ಅಂತ ಶೆರ್ರಿ ಪೀಪಾಯಿಗೆ ಹೆಸರಾದ ಡಿಸ್ಟಿಲರಿ ಇದೆ, ಅದು 1996ರಲ್ಲಿ ಮುಚ್ಚಿ 2002ರಲ್ಲಿ ಮತ್ತೆ ತೆರೀತು, ಮಧ್ಯದ ವರ್ಷಗಳಲ್ಲಿ ಒಂದು ಹನಿನೂ ಇಳಿಸಿಲ್ಲ. ಈಗ ಅವರ 18 ವರ್ಷದ ಬಾಟ್ಲಿ 2016ರಲ್ಲಿ ತುಂಬಿದ್ದು ಅಂತ ಇಟ್ಕೊಳ್ಳಿ. 18 ಕಳೆದ್ರೆ 1998, ಆದ್ರೆ ಆ ವರ್ಷ ಕೆಲಸವೇ ಇರ್ಲಿಲ್ಲ, ಅಂದ್ಮೇಲೆ ಒಳಗಿರೋದು 1996ರ ಅಥವಾ ಅದಕ್ಕೂ ಹಿಂದಿನ ಮಾಲು, ಕನಿಷ್ಠ 20 ವರ್ಷದ್ದು. 2019ರಲ್ಲಿ ತುಂಬಿದ್ದಾದ್ರೆ 23ರ ಹತ್ರ ಹೋಗತ್ತೆ. 18ರ ದುಡ್ಡಿಗೆ 23. ಬಾಟ್ಲಿ ತುಂಬಿದ ವರ್ಷ ಗಾಜಿನ ಮೇಲಿನ ಸಣ್ಣ ಕೋಡ್ ನಂಬರಿನಲ್ಲಿ ಸಾಮಾನ್ಯವಾಗಿ ಸಿಗತ್ತೆ, ಟಾರ್ಚು ಹಿಡಿದು ಓರೆ ಮಾಡಿ ನೋಡ್ಬೇಕು.

ಇನ್ನೊಂದು ದಾರಿ ಸ್ವತಂತ್ರವಾಗಿ ಬಾಟ್ಲಿ ತುಂಬೋ ಕಂಪನಿಗಳದ್ದು. ಗಾರ್ಡನ್ ಅಂಡ್ ಮ್ಯಾಕ್‌ಫೈಲ್ (1895ರಿಂದ ಇದೆ, 2024ರಿಂದ ಬೇರೆಯವರ ಡಿಸ್ಟಿಲರಿಯಲ್ಲಿ ಹೊಸ ಪೀಪಾಯಿ ತುಂಬಿಸೋದು ಬಿಟ್ಟಿದ್ದಾರೆ), ಕೇಡನ್‌ಹೆಡ್ (1842), ಸಿಗ್ನೇಟರಿ (1988) ಇಂಥವರು ಬೇರೆ ಬೇರೆ ಡಿಸ್ಟಿಲರಿಯ ಪೀಪಾಯಿ ಕೊಂಡು ತಾವೇ ಮಾಗಿಸಿ ತುಂಬ್ತಾರೆ. ಹೆಸರು ಕೇಳಿರದ ಡಿಸ್ಟಿಲರಿಯ 20 ವರ್ಷದ್ದು ಇವರ ಹತ್ರ ದೊಡ್ಡ ಬ್ರಾಂಡಿಗಿಂತ ಕಡಿಮೆಗೆ ಸಿಗೋ ಸಾಧ್ಯತೆ ಜಾಸ್ತಿ. 1940ರಲ್ಲಿ ತುಂಬಿದ ಗ್ಲೆನ್‌ಲಿವೆಟ್ ಪೀಪಾಯಿಯನ್ನ 80 ವರ್ಷ ಕಾದು 2021ರಲ್ಲಿ ಹೊರಗೆ ತಂದವರೂ ಇದೇ ಗಾರ್ಡನ್ ಅಂಡ್ ಮ್ಯಾಕ್‌ಫೈಲ್, 250 ಡಿಕ್ಯಾಂಟರ್ (ಗಾಜಿನ ಹೂಜಿ) ಅಷ್ಟೇ. ಪೀಪಾಯಿ ತುಂಬಿದವರು ಯಾರೂ ಅದನ್ನ ಕುಡಿಯೋಕೆ ಇರ್ಲಿಲ್ಲ, ನಮ್ಮಲ್ಲಿ ಅಜ್ಜ ಹಾಕಿದ ಹಲಸಿನ ಮರದ ಹಣ್ಣು ಮೊಮ್ಮಗ ತಿಂದ ಹಾಗೆ.

ದುಡ್ಡು ಮಾಡೋಕೆ ಅಂತ ಮಾತ್ರ ಸಂಗ್ರಹ ಮಾಡ್ಬೇಡಿ ಅಂತ ಕೈ ಮುಗ್ದು ಕೇಳ್ತೀನಿ. 1926ರ ಮೆಕಾಲನ್ ಒಂದು ಬಾಟ್ಲಿ 2023ರ ನವೆಂಬರಲ್ಲಿ ಲಂಡನ್ನಿನ ಸದಬೀಸ್ ಹರಾಜಲ್ಲಿ 21 ಲಕ್ಷ ಪೌಂಡ್ ಮೀರಿ ಹೋಯ್ತು ಅಂತ ಓದಿ ಎಲ್ಲರಿಗೂ ಆಸೆ ಹುಟ್ಟತ್ತೆ, ಆದ್ರೆ 2022ರ ಮೇಲೆ ಹರಾಜು ಮಾರ್ಕೆಟ್ಟು ಇಳಿದಿದೆ, ಮತ್ತೆ ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಾಟ್ಲಿ ಮಾರೋದೇ ಅಪರಾಧ. ಮಾರೋಕೆ ಆಗದ ಮೇಲೆ ಲಾಭ ಎಲ್ಲಿಂದ.

ನಾಲ್ಕನೇ ಹೆಜ್ಜೆ: ಎಲ್ಲಿಂದ, ಮತ್ತೆ ಮಾಜಾಳಿ ಚೆಕ್‌ಪೋಸ್ಟ್

ಕಾರವಾರದವರಿಗೆ ಮೊದ್ಲು ತಲೆಗೆ ಬರೋದು ಗೋವಾ. ಕಾಳಿ ಸೇತುವೆ ದಾಟಿ ಸದಾಶಿವಗಡ ಕಳೆದು ಮಾಜಾಳಿ, ಆಚೆ ಪೋಳೆಂ, ಅಲ್ಲಿ ರೇಟು ಕಡಿಮೆ. ಅಲ್ಲಿ ಕೂತು ಒಂದು ಪೆಗ್ ರುಚಿ ನೋಡೋದಕ್ಕೆ ಯಾರ ಅಡ್ಡಿನೂ ಇಲ್ಲ, ನಾನೂ ಎಷ್ಟೋ ಹಳೇ ವಿಸ್ಕಿ ಮೊದಲ ಸಲ ಕುಡಿದಿದ್ದು ಗೋವಾದ ಬಾರಲ್ಲೇ, ಬಾಟ್ಲಿ ಕೊಳ್ಳೋಕೆ ಮುಂಚೆ 30 ಎಂಎಲ್ ಕುಡಿದು ನೋಡೋದು ಬಹಳ ಒಳ್ಳೇ ಅಭ್ಯಾಸ. ಆದ್ರೆ ಪರ್ಮಿಟ್ ಇಲ್ಲದೆ ಬಾಟ್ಲಿ ಈ ಕಡೆ ತರ್ಬೇಡಿ. ಮಾಜಾಳಿಯಲ್ಲಿ ಅಬಕಾರಿಯವರು ಗಾಡಿ ತಪಾಸಣೆ ಮಾಡ್ತಾರೆ, ಸಿಕ್ಕಿದ್ರೆ ಬಾಟ್ಲಿ ಹೋಗತ್ತೆ, ಗಾಡಿ ಜಪ್ತಿ ಆಗತ್ತೆ, ಕೇಸು ಬೇರೆ. ಮನೇಲಿ ಎಷ್ಟು ಇಟ್ಕೊಳ್ಬೋದು ಅನ್ನೋದಕ್ಕೂ ಮಿತಿ ಇದೆ, ಸಂಗ್ರಹ ಬೆಳೆಯೋಕೆ ಮುಂಚೆ ಅಬಕಾರಿ ಆಫೀಸಲ್ಲಿ ಕೇಳಿ ಬರ್ಕೊಂಡು ಬನ್ನಿ.

ನನ್ನ ಆರರಲ್ಲಿ ನಾಲ್ಕು ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಿಂದ ಬಂದದ್ದು. ಹೊರದೇಶದಿಂದ ಬರೋ ಒಬ್ಬರಿಗೆ 2 ಲೀಟರ್ ತನಕ ಸುಂಕ ಇಲ್ಲದೆ ತರ್ಬೋದು, ದುಬೈ, ಮಸ್ಕತ್ತಿಂದ ಬರೋ ತಮ್ಮ ಭಾವಂದಿರಿಗೆ ಮೊದ್ಲೇ ಹೆಸರು, ವರ್ಷ, ಫೋಟೋ ವಾಟ್ಸಾಪ್ ಮಾಡಿಬಿಡಿ, ಇಲ್ದಿದ್ರೆ ಅವರು ಡಬ್ಬಿ ಚೆಂದ ಇದೆ ಅಂತ ಯಾವುದೋ ತರ್ತಾರೆ. ಉಳಿದೆರಡು ಬೆಂಗಳೂರಿನ ಅಂಗಡಿದು. ಆಮದು ವಿಸ್ಕಿ ಮೇಲೆ 150 ಪರ್ಸೆಂಟ್ ಸುಂಕ ಇದ್ದದ್ದರಿಂದ ಇಲ್ಲಿ ಬೆಲೆ ಹೊಡೆತ ಗೊತ್ತಲ್ಲ, 2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿ ಆದ ಒಪ್ಪಂದದ ಪ್ರಕಾರ ಅದು ಮೊದ್ಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳೀಬೇಕು. ಹಾಗಾಗಿ ಅವಸರ ಬೇಡ.

ಐದನೇ ಹೆಜ್ಜೆ: ಅಸಲಿಯೋ ನಕಲಿಯೋ

2017ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹೋಟೆಲಲ್ಲಿ 1878ರ ಮೆಕಾಲನ್ ಅಂತ ಒಬ್ಬರು ಒಂದೇ ಪೆಗ್ಗಿಗೆ ಹತ್ತಿರ ಹತ್ತಿರ 10 ಸಾವಿರ ಫ್ರಾಂಕ್ ಕೊಟ್ರು, ಆಮೇಲೆ ಪರೀಕ್ಷೆ ಮಾಡಿಸಿದ್ರೆ ಅದು 1970ರಿಂದ 72ರ ಮಧ್ಯ ತಯಾರಾದ ವಿಸ್ಕಿ. ಮರುವರ್ಷ ಸ್ಕಾಟ್ಲೆಂಡಿನ ಲ್ಯಾಬ್ ಒಂದರಲ್ಲಿ 55 ಅಪರೂಪದ ಬಾಟ್ಲಿ ಪರೀಕ್ಷೆ ಮಾಡಿದ್ರು, 21 ಬಾಟ್ಲಿ ಒಂದೋ ಪೂರ್ತಿ ನಕಲಿ, ಇಲ್ಲಾ ಹೇಳಿದ ವರ್ಷದ್ದಲ್ಲ. ಕಂಡುಹಿಡಿದ ರೀತಿ ಕೇಳಿ ಆಶ್ಚರ್ಯ ಆಯ್ತು ನನಗೆ, 50ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಒಂದು ಬಗೆಯ ಇಂಗಾಲ ಜಾಸ್ತಿ ಆಯ್ತು, ಅದು ಬಾರ್ಲಿಗೂ ಸೇರ್ತು, ವಿಸ್ಕಿಯಲ್ಲಿ ಅದರ ಪ್ರಮಾಣ ಹಾಗೆ ಜಾಸ್ತಿ ಇದ್ರೆ ಆ ಪರೀಕ್ಷೆಗಳಿಗಿಂತ ಹಿಂದಿನದ್ದು ಅಂತ ಸುಳ್ಳು ಹೇಳೋಕಾಗಲ್ಲ.

ನಮಗೆ ಲ್ಯಾಬ್ ಇಲ್ಲ, ಕಣ್ಣು ಇದೆ. ದೊಡ್ಡಪ್ಪನ ಬಾಟ್ಲಿಯ 75 ಸಿಎಲ್ ಈಗ ನೆನಪು ಮಾಡ್ಕೊಳ್ಳಿ. ಬ್ರಿಟನ್ ಮಾರ್ಕೆಟ್ಟಿನ ಬಾಟ್ಲಿ 80ರ ದಶಕದಲ್ಲಿ 75 ಸಿಎಲ್ ಇತ್ತು, 90ರ ಶುರುವಲ್ಲಿ 70 ಆಯ್ತು. 1980ಕ್ಕೆ ಹಿಂದಿನ ಲೇಬಲಲ್ಲಿ ಶೇಕಡಾ ಬದಲು 70 ಡಿಗ್ರಿ ಪ್ರೂಫ್ ಅಂತ ಇರ್ತಿತ್ತು, ಈಗಿನ ಲೆಕ್ಕಕ್ಕೆ ಅದು ಶೇ. 40. ಆಗ 70ರ ದಶಕದ್ದು ಅಂತ ಯಾರೋ ತೋರಿಸೋ ಬಾಟ್ಲಿ ಮೇಲೆ 70 ಸಿಎಲ್, ಬಾರ್‌ಕೋಡ್ ಎಲ್ಲ ಇದ್ರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ. ಹೊಸ ಬಾಟ್ಲಿಗಾದ್ರೆ ಮುಚ್ಚಳದ ಸೀಲು, ಅಬಕಾರಿ ಸ್ಟಿಕ್ಕರ್, ಲೇಬಲ್ ಅಂಚು, ಬಾಟ್ಲಿ ಕೋಡು, ಡಬ್ಬಿ ಮೇಲಿನ ಕೋಡು ಒಂದಕ್ಕೊಂದು ತಾಳೆ ಆಗ್ಬೇಕು. ಯಾರೋ ಮಿಲಿಟ್ರಿ ಕೋಟಾದ್ದು ಅಂದ್ರು, ಹಡಗಿಂದ ಇಳಿದದ್ದು ಅಂದ್ರು ಅಂತ ಕತೆ ಕೇಳಿ ಕೊಳ್ಬೇಡಿ, ಕತೆ ಜಾಸ್ತಿ ಆದಷ್ಟು ದೂರ ಇರಿ.

ಆರನೇ ಹೆಜ್ಜೆ: ನಮ್ಮ ಮಳೆಗಾಲದಿಂದ ಕಾಪಾಡೋದು

ನಾನು ಎಲ್ಲಕ್ಕಿಂತ ಕಷ್ಟಪಟ್ಟು ಕಲಿತದ್ದು ಇದು. ಬಾಟ್ಲಿ ಯಾವಾಗ್ಲೂ ನಿಂತೇ ಇರ್ಬೇಕು. ವೈನ್ ಬಾಟ್ಲಿ ಮಲಗಿಸ್ತಾರೆ ಅಂತ ನೋಡಿ ಇದನ್ನೂ ಮಲಗಿಸಿದ್ರೆ ಇಷ್ಟು ಜೋರಿನ ಆಲ್ಕೋಹಾಲ್ ಬಿರಡೆಯನ್ನ ತಿಂದುಬಿಡತ್ತೆ, ನನ್ನ ಕೈಯಲ್ಲಿ ಆದದ್ದು ಅದೇ. ಆದ್ರೆ ಪೂರ್ತಿ ಒಣಗಿದ್ರೂ ಬಿರಡೆ ಬಿರುಕು ಬಿಡತ್ತೆ, ಅದಕ್ಕೆ ವರ್ಷಕ್ಕೆ ಎರಡು ಸಲ ಒಂದು ಕ್ಷಣ ಮಗುಚಿ ಒದ್ದೆ ಮಾಡಿ ಮತ್ತೆ ನಿಲ್ಲಿಸಿ. ನಾನು ಯುಗಾದಿಗೆ ಒಂದ್ಸಲ ದೀಪಾವಳಿಗೆ ಒಂದ್ಸಲ ಅಂತ ಇಟ್ಕೊಂಡಿದೀನಿ, ಮರೆಯಲ್ಲ.

ಬೆಳಕು ಎರಡನೇ ಶತ್ರು. ಷೋಕೇಸಲ್ಲಿ ಕಿಟಕಿ ಎದುರು ಇಟ್ರೆ ಕೆಲವೇ ತಿಂಗಳಲ್ಲಿ ಬಣ್ಣ, ರುಚಿ ಎರಡೂ ಇಳಿಯತ್ತೆ. ಡಬ್ಬಿ ಇದ್ರೆ ಡಬ್ಬಿಯಲ್ಲೇ ಇರಲಿ. ಅಟ್ಟದ ಮೇಲೆ ಬೇಡವೇ ಬೇಡ, ಏಪ್ರಿಲ್ ಮೇ ತಿಂಗಳಲ್ಲಿ ಹಂಚಿನ ಕೆಳಗೆ, ಅದರಲ್ಲೂ ಶೀಟಿನ ಕೆಳಗೆ ಎಷ್ಟು ಕಾಯತ್ತೆ ಅಂತ ಗೊತ್ತಿದೆಯಲ್ಲ, ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆ ಸಡಿಲ ಆಗತ್ತೆ. ನಡುಮನೆಯ ಒಳಗೋಡೆಗೆ ತಾಗಿದ ಕಪಾಟು, ಇಲ್ಲಾ ಹಳೇ ಮನೆಯ ಉಗ್ರಾಣ ಒಳ್ಳೇದು, ಹಗಲು ರಾತ್ರಿ ಒಂದೇ ಹದ ಇರತ್ತೆ. ಶಿರಸಿ ಘಟ್ಟದ ಮೇಲಿರೋದ್ರಿಂದ ಅಲ್ಲಿಯವರಿಗೆ ಸೆಖೆಯ ಚಿಂತೆ ನಮಗಿಂತ ಕಡಿಮೆ, ಆದ್ರೆ ಮಳೆ ತೇವ ಅವರಿಗೂ ಬಿಟ್ಟಿಲ್ಲ.

ಈಗ ತೇವ. ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಗೋಡೆ ಬೆವರತ್ತೆ, ಚಪ್ಪಲಿ ಬೂಸ್ಟು ಹಿಡಿಯತ್ತೆ, ಪುಸ್ತಕದ ಹಾಳೆ ಅಂಟಿಕೊಳ್ಳತ್ತೆ, ಅಂಥದ್ರಲ್ಲಿ ಕಾಗದದ ಲೇಬಲ್ ಉಳಿಯೋದು ಹೇಗೆ. ನಾನು ಮಾಡೋದು ಇಷ್ಟು: ಮೇ ಕೊನೇ ವಾರ ಒಂದು ಒಣ ದಿನ ನೋಡಿ ಎಲ್ಲಾ ಬಾಟ್ಲಿ ಹೊರಗೆ ತೆಗೆದು ಒಣ ಹತ್ತಿ ಬಟ್ಟೆಯಲ್ಲಿ ಒರೆಸ್ತೀನಿ (ಒದ್ದೆ ಬಟ್ಟೆ ಲೇಬಲಿಗೆ ತಾಗಿಸ್ಬೇಡಿ), ಮುಚ್ಚಳ ಮತ್ತೆ ಕುತ್ತಿಗೆ ಸೇರೋ ಕಡೆ ಪ್ಯಾರಾಫಿಲ್ಮ್ ಅನ್ನೋ ಎಳೆದ್ರೆ ಹಿಗ್ಗೋ ಮೇಣದ ಪಟ್ಟಿ ಎರಡು ಸುತ್ತು ಬಿಗಿಯಾಗಿ ಸುತ್ತುತೀನಿ, ಬಾಟ್ಲಿ ಮೈಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಒಂದು ಸುತ್ತು. ಆಮೇಲೆ ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಿಲ್ಲಿಸಿ ಸಿಲಿಕಾ ಜೆಲ್ ಚೀಲ ಹಾಕ್ತೀನಿ, ಬಣ್ಣ ಬದಲಾಗೋ ಜಾತಿದು ತಗೊಳ್ಳಿ, ಅದು ಬಣ್ಣ ಬಿಟ್ಟಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದ್ರೆ ಮತ್ತೆ ಉಪಯೋಗಕ್ಕೆ ಬರತ್ತೆ, ಆ ಬಾಣಲೆ ಅಡುಗೆಗೆ ಬಳಸ್ಬೇಡಿ. ತೇವ ಅಳೆಯೋ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗತ್ತೆ, ಒಳಗೆ 50ರಿಂದ 65ರ ಮಧ್ಯ ಇದ್ರೆ ನಿಶ್ಚಿಂತೆ, 75 ದಾಟಿದ್ರೆ ಜೆಲ್ ಬದಲಿಸಿ. ತೀರಾ ಒಣಗಿಸೋಕೂ ಹೋಗ್ಬೇಡಿ, ಬಿರಡೆಗೆ ಸ್ವಲ್ಪ ತೇವ ಬೇಕು.

ಒಂದು ಮಾತು ಮರೀಬೇಡಿ, ಕಪಾಟಲ್ಲಿ ನುಸಿ ಗುಳಿಗೆ ಇರಬಾರ್ದು. ಬಟ್ಟೆ ಮಧ್ಯ ಬಾಟ್ಲಿ ಇಡೋ ಪದ್ಧತಿ ನಮ್ಮಲ್ಲಿ ಜಾಸ್ತಿ, ಆ ವಾಸನೆ ಬಿರಡೆಗೆ ಹತ್ತಿದ್ರೆ ಹೋಗಲ್ಲ. ಹಾಗೇ ಒಣಮೀನು ಇಟ್ಟ ಕೋಣೆಯೂ ಬೇಡ. ಮತ್ತೆ ಪ್ರತಿ ಬಾಟ್ಲಿಯ ಮಟ್ಟದ ಹತ್ರ ಸಣ್ಣ ಟೇಪಿನ ಗುರುತು ಹಚ್ಚಿ ದಿನಾಂಕ ಬರೀರಿ, ವರ್ಷದಲ್ಲಿ ಮಟ್ಟ ಇಳಿದಿದ್ರೆ ಬಿರಡೆ ಸೋರ್ತಿದೆ ಅಂತ ಅರ್ಥ, ಆ ಬಾಟ್ಲಿ ಇನ್ನು ಕಾಯೋದಲ್ಲ, ತೆಗೆದು ಕುಡಿಯೋದು.

ಏಳನೇ ಹೆಜ್ಜೆ: ತೆಗೆಯೋದು, ಕುಡಿಯೋದು

ದಿನ ಆರಿಸ್ಕೊಳ್ಳಿ. ಮೇ ತಿಂಗಳ ಸೆಖೆಯಲ್ಲಿ ತೆಗೆದ್ರೆ ಆಲ್ಕೋಹಾಲ್ ಭರಭರ ಆವಿ ಆಗಿ ಮೂಗಿಗೆ ಹೊಡೆಯತ್ತೆ, ಬೇರೇನೂ ಗೊತ್ತಾಗಲ್ಲ. ಡಿಸೆಂಬರ್ ಜನವರಿ ರಾತ್ರಿ ಚೆನ್ನ, ಇಲ್ಲಾ ಜೋರು ಮಳೆ ಬಂದು ತಂಪಾದ ಸಂಜೆ. ಮಸಾಲೆ ಹಾಕಿದ ಮೀನು ಊಟ ಆದ ತಕ್ಷಣ ಬೇಡ, ಎರಡು ತಾಸು ಬಿಡಿ. ಕವಳ ಹಾಕೋರು ಆ ದಿನ ಮಧ್ಯಾಹ್ನದಿಂದಲೇ ನಿಲ್ಲಿಸ್ಬೇಕು, ಸುಣ್ಣ ಅಡಿಕೆ ತಿಂದ ನಾಲಿಗೆಗೆ 25 ವರ್ಷದ ವಿಸ್ಕಿನೂ ಒಂದೇ, ಸೋಡಾನೂ ಒಂದೇ. ಸೆಂಟು, ಊದಿನಕಡ್ಡಿ, ಸೊಳ್ಳೆ ಬತ್ತಿ ಏನೂ ಹಚ್ಚಬೇಡಿ, ಸೊಳ್ಳೆಗೆ ಫ್ಯಾನ್ ಹಾಕಿ ಗ್ಲಾಸಿಗೆ ಗಾಳಿ ಬರದ ಹಾಗೆ ಕೂರಿ.

ಹಳೇ ಬಿರಡೆಯನ್ನ ಎಳೀಬೇಡಿ, ಬಾಟ್ಲಿ ಹಿಡಿದು ನಿಧಾನ ತಿರುಗಿಸ್ತಾ ಬಿಡಿಸಿ. ಮುರಿದ್ರೆ ಗಾಬರಿ ಬೇಡ, ತೆಳು ಮಲ್ ಬಟ್ಟೆಯಲ್ಲಿ ಸೋಸಿ, ಹಿಂದೆ ಖಾಲಿ ಆದ ಬಾಟ್ಲಿಯ ಬಿರಡೆ ತೊಳೆದು ಇಟ್ಕೊಂಡಿದ್ರೆ ಅದನ್ನ ಹಾಕಿ.

ಗ್ಲಾಸು ಕೆಳಗೆ ಹೊಟ್ಟೆ ಮೇಲೆ ಸಪೂರ ಇರೋದು ಬೇಕು, ಗ್ಲೆನ್‌ಕೇರ್ನ್ ಅಂತ ಸಿಗತ್ತೆ, ಅಗಲ ಬಾಯಿಯ ಪೆಗ್ ಗ್ಲಾಸಲ್ಲಿ ವಾಸನೆ ಎಲ್ಲ ಹಾರಿಹೋಗತ್ತೆ. 20ರಿಂದ 30 ಎಂಎಲ್ ಹಾಕಿ ಮೇಲೊಂದು ತಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಅಷ್ಟು ವರ್ಷ ಮುಚ್ಚಿದ್ದು, ಉಸಿರಾಡೋಕೆ ಸಮಯ ಬೇಕು. ಐಸ್ ಹಾಕಿದ್ರೆ ವಾಸನೆ ಮುದುಡಿಹೋಗತ್ತೆ.

ತಟ್ಟೆ ತೆಗೆದು ಮೂಗನ್ನ ಒಳಗೆ ತುರುಕ್ಬೇಡಿ, ಗಲ್ಲದ ಹತ್ರ ಹಿಡಿದು ಬಾಯಿ ಸ್ವಲ್ಪ ತೆರೆದು ಮೂಸಿ, ನಿಧಾನ ಮೇಲೆ ತನ್ನಿ. ನನ್ನ ಹತ್ರ ಒಂದು ಗ್ಲೆನ್‌ಫಾರ್ಕ್ಲಾಸ್ 25 ಇದೆ, 1865ರಿಂದ ಒಂದೇ ಮನೆತನದವರ ಕೈಯಲ್ಲಿರೋ ಡಿಸ್ಟಿಲರಿ. ಮೊದ್ಲು ಬಂದದ್ದು ಒಣದ್ರಾಕ್ಷಿ, ಐದು ನಿಮಿಷ ಕಳೆದು ಹಳೇ ತೇಗದ ಪೆಟ್ಟಿಗೆ ತೆಗೆದ ಹಾಗೆ, ಆಮೇಲೆ ಜೋನಿಬೆಲ್ಲದ ತಳ, ಅಂದ್ರೆ ಕೊಪ್ಪರಿಗೆಯಲ್ಲಿ ಸ್ವಲ್ಪ ಹತ್ತಿಕೊಂಡಿರತ್ತಲ್ಲ ಆ ವಾಸನೆ, ಎಲ್ಲಾ ಆದ ಮೇಲೆ ಕಿತ್ತಳೆ ಸಿಪ್ಪೆ. ಅರ್ಧ ತಾಸು ಬರೀ ಮೂಸ್ತಾನೇ ಕೂತಿದ್ದೆ.

ಮೊದಲ ಗುಟುಕು ಅರ್ಧ ಚಮಚದಷ್ಟು, ಅದು ಬಾಯಿಗೆ ಪರಿಚಯ ಆಗೋಕೆ. ಎರಡನೇದನ್ನ ನಾಲಿಗೆ ಮೇಲೆ ಹತ್ತು ಹದಿನೈದು ಸೆಕೆಂಡ್ ಇಟ್ಕೊಂಡು ಕೆನ್ನೆ ತುಂಬಾ ಓಡಾಡಿಸಿ ನುಂಗಿ, ಬಾಯಿ ಮುಚ್ಚಿ ಮೂಗಿಂದ ಉಸಿರು ಬಿಡಿ. ಆ ಉಸಿರಲ್ಲಿ ಬರೋದೇ ಅದರ ಕೊನೆ ರುಚಿ, ಒಳ್ಳೇ ಹಳೇ ವಿಸ್ಕಿಯಲ್ಲಿ ಅದು ನಿಮಿಷಗಟ್ಲೆ ಇರತ್ತೆ.

ನೀರು ಹಾಕೋದು ತಪ್ಪಲ್ಲ. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಪ್ಯೂಟರಲ್ಲಿ ಲೆಕ್ಕ ಹಾಕಿ ತೋರಿಸಿದ್ರು, ನೀರು ಸೇರಿದಾಗ ಹೊಗೆ ರುಚಿ ಕೊಡೋ ಗ್ವಾಯಾಕಾಲ್ ಅನ್ನೋ ಅಂಶ ಮೇಲ್ಮೈಗೆ ಬರತ್ತೆ ಅಂತ. ಶೇ. 55, 60ರ ವಿಸ್ಕಿಗೆ ಒಂದು ಚಮಚ ಹಾಕ್ಬೋದು, ಆದ್ರೆ 43ರ ಹಳೇ ವಿಸ್ಕಿಗೆ ಔಷಧದ ಡ್ರಾಪರಲ್ಲಿ ಒಂದೊಂದೇ ಹನಿ, ಜಾಸ್ತಿ ಆದ್ರೆ ನೀರು ನೀರು. ಕಡಲ ಹತ್ರದ ಬಾವಿ ನೀರು ಬೇಡ, ಉಪ್ಪಿನ ಅಂಶ ರುಚಿ ಕೆಡಿಸತ್ತೆ, ನಾನು ಅತ್ತೆ ಮನೆ ಕಡೆಯ ಅಬ್ಬಿ ನೀರು ಕುದಿಸಿ ಆರಿಸಿ ಸಣ್ಣ ಶೀಸೆಯಲ್ಲಿ ತಂದಿಟ್ಕೊಂಡಿದೀನಿ. ಜೊತೆಗೆ ತಿನ್ನೋಕೆ ಏನಾದ್ರೂ ಬೇಕು ಅಂದ್ರೆ ಹುರಿಯದ ಗೋಡಂಬಿ, ಶೆರ್ರಿ ಜಾತಿಗೆ ಒಂದು ಚೂರು ಖರ್ಜೂರ, ಅಷ್ಟು ಸಾಕು. ಎರಡಕ್ಕೆ ನಿಲ್ಸಿ, ಮೂರನೇದರ ರುಚಿ ನಾಲಿಗೆಗೆ ತಿಳಿಯಲ್ಲ, ಮತ್ತೆ ಅವತ್ತು ಗಾಡಿ ಕೀಲಿ ಮುಟ್ಬೇಡಿ.

ಗ್ಲಾಸು ಅವತ್ತೇ ತೊಳೀಬೇಡಿ, ಬೆಳಿಗ್ಗೆ ಎದ್ದು ಖಾಲಿ ಗ್ಲಾಸ್ ಮೂಸಿ. ಆಲ್ಕೋಹಾಲ್ ಪೂರ್ತಿ ಹೋಗಿ ಮರದ, ಜೇನುಮೇಣದ ವಾಸನೆ ಮಾತ್ರ ಉಳಿದಿರತ್ತೆ.

ಎಂಟನೇ ಹೆಜ್ಜೆ: ತೆಗೆದ ಮೇಲೆ

ತೆಗೆದ ಬಾಟ್ಲಿಯಲ್ಲಿ ಗಾಳಿ ಜಾಸ್ತಿ ಆದಷ್ಟು ರುಚಿ ಬೇಗ ಸಪ್ಪೆ ಆಗತ್ತೆ. ಮುಕ್ಕಾಲು ಇದ್ರೆ ಒಂದು ವರ್ಷ ಚಿಂತೆ ಇಲ್ಲ, ಅರ್ಧಕ್ಕೆ ಬಂದ ಮೇಲೆ ಆರು ತಿಂಗಳಲ್ಲಿ ಮುಗಿಸೋದು ಒಳ್ಳೇದು, ಇಲ್ಲಾ ಚೆನ್ನಾಗಿ ತೊಳೆದು ಒಣಗಿಸಿದ 100 ಎಂಎಲ್ ಗಾಜಿನ ಶೀಸೆಗಳಿಗೆ ಬಾಯಿ ತನಕ ತುಂಬಿ ಇಡಿ. ಹಾಗೆ ತುಂಬಿದ ಒಂದು ಶೀಸೆಯನ್ನ ದೂರದಲ್ಲಿರೋ ಗೆಳೆಯ ಬಂದಾಗ ತೆಗೆಯೋ ಖುಷಿನೇ ಬೇರೆ.

ಖಾಲಿ ಬಾಟ್ಲಿಯನ್ನ ಹಾಗೇ ಗುಜರಿಗೆ ಕೊಡ್ಬೇಡಿ, ಅಪರೂಪದ ಖಾಲಿ ಬಾಟ್ಲಿಗೇ ನಕಲಿ ತುಂಬಿ ಮಾರೋರು ಇದ್ದಾರೆ. ಲೇಬಲ್ ಬಿಡಿಸಿ, ಮುಚ್ಚಳ ಬೇರೆ ಮಾಡಿ ಆಮೇಲೆ ಕೊಡಿ. ನಾನು ಬಿಸಿನೀರಲ್ಲಿ ನೆನೆಸಿ ಲೇಬಲ್ ತೆಗೆದು ಒಂದು ಉದ್ದ ಲೆಕ್ಕದ ಪುಸ್ತಕದಲ್ಲಿ ಅಂಟಿಸ್ತೀನಿ, ಪಕ್ಕದಲ್ಲಿ ತೆಗೆದ ತಾರೀಕು, ಮುಗಿದ ತಾರೀಕು, ಯಾರ್ಯಾರು ಕೂತಿದ್ರು, ಯಾವ ವಾಸನೆ ಬಂತು. ಮೊದಲ್ನೇ ಪುಟದಲ್ಲಿರೋದು ದೊಡ್ಡಪ್ಪನ ಬಾಟ್ಲಿಯ ಲೇಬಲ್, ಬೂಸ್ಟಿನ ಕಪ್ಪು ಕಲೆ ಹಾಗೇ ಇದೆ, 75 ಸಿಎಲ್ ಅನ್ನೋದು ಇನ್ನೂ ಓದೋಕೆ ಬರತ್ತೆ.